ದುಬೈನಿಂದ ಊರಿಗೆ ಮೃತದೇಹ ಕಳಿಸುವಾಗ ನಾನು ಕಲಿತದ್ದು

ದುಬೈಯ ಅಲ್ ಕೂಝ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ನಮ್ಮೂರ ಕಡೆಯ ಹುಡುಗನೊಬ್ಬ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ನಾನು ಆಗ ಇನ್ನೊಂದು ಕಂಪನಿಯಲ್ಲಿ ಪಿಆರ್‌ಒ. ವೀಸಾ, ಟೈಪಿಂಗ್ ಎಂದು ಕಚೇರಿಗಳಿಗೆ ಅಲೆಯುವುದೇ ನನ್ನ ಕೆಲಸ. ಹಾಗಾಗಿ ರೂಮಿನವರು ಪೊಲೀಸರಿಗೆ ಹೇಳಿದ ಮೇಲೆ ನನಗೇ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ಬೈಂದೂರಿನಿಂದ ಅವನ ತಮ್ಮನ ಕರೆ ಬಂತು: "ಅಣ್ಣಾ, ಇವತ್ತೇ ಕಳಿಸ್ಲಿಕ್ಕೆ ಆಗ್ತದಾ? ಅಮ್ಮ ನೀರು ಸಹ ಕುಡೀತಾ ಇಲ್ಲ."

ನಾನು ನೇರವಾಗಿ ಬರ್ ದುಬೈಯ ಭಾರತೀಯ ಕಾನ್ಸುಲೇಟ್‌ಗೆ ಓಡಿದೆ. ಅದು ತಪ್ಪಾಯಿತು. ಪೊಲೀಸ್ ಪತ್ರ ಮತ್ತು ಮರಣ ಪ್ರಮಾಣಪತ್ರ ಕೈಯಲ್ಲಿಲ್ಲದೆ ಅಲ್ಲಿ ಯಾವ ಕಾಗದವೂ ಮುಂದೆ ಸಾಗುವುದಿಲ್ಲ. ಸಾವು ಸಹಜವೋ ಅಲ್ಲವೋ ಎಂದು ತೀರ್ಮಾನಿಸುವುದು ಅಲ್ಲಿನ ಪೊಲೀಸರು ಮತ್ತು ಅವರ ವೈದ್ಯರು. ಅದರಲ್ಲಿ ನಮ್ಮ ಕಾನ್ಸುಲೇಟ್ ಕೈಹಾಕುವಂತಿಲ್ಲ. ಆ ಅರ್ಧ ದಿನ ವ್ಯರ್ಥವಾಗಿದ್ದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಮರುದಿನ ಎರಡೂ ಸಿಕ್ಕವು. ಅವುಗಳ ಜೊತೆ ಅವನ ಮೂಲ ಪಾಸ್‌ಪೋರ್ಟ್, ವೀಸಾ ಪ್ರತಿ, ದೇಹವನ್ನು ಯಾರಿಗೆ ಒಪ್ಪಿಸಬೇಕೆಂದು ಮನೆಯವರು ಬರೆದುಕೊಟ್ಟ ಪತ್ರ ಇಟ್ಟುಕೊಂಡು ಮತ್ತೆ ಹೋದೆ. ಕಾನ್ಸುಲೇಟ್ ಮಾಡುವುದು ಮುಖ್ಯವಾಗಿ ಮೂರು ಕೆಲಸ: ಸಾವನ್ನು ನೋಂದಾಯಿಸುತ್ತದೆ, ಪಾಸ್‌ಪೋರ್ಟ್ ರದ್ದು ಮಾಡುತ್ತದೆ, ದೇಹ ಸಾಗಿಸಲು ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಕೌಂಟರಿನಲ್ಲಿದ್ದ ಅಧಿಕಾರಿ ನನ್ನ ಮುಖ ನೋಡಿ ಮೊದಲು ಕೂರಿಸಿದರು, ಆಮೇಲೆ ಕಾಗದ ಕೇಳಿದರು. ಪಾಸ್‌ಪೋರ್ಟ್ ಮೇಲೆ ರದ್ದತಿಯ ಮುದ್ರೆ ಬೀಳುವಾಗ ಅವನ ಫೋಟೋ ಕಾಣಿಸಿತು. ಮೊದಲ ಸಲ ವಿಮಾನ ಹತ್ತುವ ಮುಂಚೆ ತೆಗೆಸಿದ್ದಿರಬೇಕು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ.

ಅಲ್ಲಿಂದ ಮುಹೈಸ್ನಾ, ನಮ್ಮವರೆಲ್ಲ ಸೋನಾಪುರ ಎನ್ನುವ ಜಾಗ. ದೇಹ ಕೆಡದಂತೆ ಔಷಧಿ ಹಾಕುವ ಎಂಬಾಮಿಂಗ್ ಆಗುವುದು ಅಲ್ಲಿ. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ಕಾನ್ಸುಲೇಟ್ ಪತ್ರ, ರದ್ದಾದ ಪಾಸ್‌ಪೋರ್ಟ್ ಪ್ರತಿ, ಈ ನಾಲ್ಕನ್ನೂ ಊರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿ ನೋಡುತ್ತಾರೆ. ಆಗ ಇವನ್ನೆಲ್ಲ ಮೇಲ್ ಮಾಡಿ, ಫೋನ್ ಹಚ್ಚಿ ಕಾಯಬೇಕಿತ್ತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇ-ಕೇರ್ ಪೋರ್ಟಲ್ ತಂದ ಮೇಲೆ ಆ ಅನುಮತಿ ಆನ್‌ಲೈನ್‌ನಲ್ಲೇ ಸಿಗುತ್ತದೆ.

ಹಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲಸಗಾರನ ದೇಹ ಊರಿಗೆ ಕಳಿಸುವ ಖರ್ಚು ಅಲ್ಲಿನ ನಿಯಮದಂತೆ ಕಂಪನಿಯದು. ಅವನ ಕಂಪನಿ ಮೊದಲು ನುಣುಚಿಕೊಳ್ಳಲು ನೋಡಿತು. ಇತ್ತ ಏಜೆಂಟನೊಬ್ಬ ಎಲ್ಲ ಸೇರಿಸಿ ಮನೆಯವರಿಗೆ ದೊಡ್ಡ ಮೊತ್ತ ಹೇಳಿಬಿಟ್ಟಿದ್ದ. ಹುಡುಗನ ತಮ್ಮ ಒಡವೆ ಅಡ ಇಡಲು ಹೊರಟಿದ್ದ. ತಡೆದೆ. ಕಂಪನಿ ಕಟ್ಟದಿದ್ದರೆ, ಮನೆಯವರಿಗೂ ಶಕ್ತಿ ಇಲ್ಲವಾದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನ್ಸುಲೇಟ್ ನೆರವು ಕೊಡಬಹುದು. 2009ರಲ್ಲಿ ಶುರುವಾದ ಆ ನಿಧಿಗೆ, ನಾವು ಪಾಸ್‌ಪೋರ್ಟಿಗೆಂದೋ ದೃಢೀಕರಣಕ್ಕೆಂದೋ ಶುಲ್ಕ ಕಟ್ಟುವಾಗಲೆಲ್ಲ ಒಂದು ಸಣ್ಣ ಪಾಲು ಹೋಗುತ್ತದೆ. ನಮ್ಮದೇ ದುಡ್ಡು ಅದು, ಕೇಳಲು ನಾಚಿಕೆ ಬೇಡ. ಕೊನೆಗೆ ಕಾನ್ಸುಲೇಟ್‌ನಿಂದ ಒಂದು ಫೋನ್ ಹೋದ ಮೇಲೆ ಕಂಪನಿಯೇ ಕಟ್ಟಿತು.

ಐದನೇ ದಿನ ಪೆಟ್ಟಿಗೆ ಮಂಗಳೂರಿಗೆ ಹೊರಟಿತು.

ಅಲ್ಲಿಂದೀಚೆಗೆ ಇಂಥ ಕರೆ ಬಂದಾಗಲೆಲ್ಲ ನಾನು ಮೊದಲು ಕೇಳುವುದು, ತೀರಿಕೊಂಡದ್ದು ಯಾವ ಎಮಿರೇಟ್‌ನಲ್ಲಿ, ಅಂದರೆ ಯುಎಇಯ ಯಾವ ಸಂಸ್ಥಾನದಲ್ಲಿ ಎಂದು. ದುಬೈ, ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾ ಆದರೆ ದುಬೈ ಕಾನ್ಸುಲೇಟ್. ಅಬುಧಾಬಿ ಎಮಿರೇಟ್ ಆದರೆ ಅಬುಧಾಬಿಯ ರಾಯಭಾರ ಕಚೇರಿ, ಅಲ್ ಐನ್ ಕೂಡ ಅದಕ್ಕೇ ಸೇರಿದ್ದು. ಅಲ್ ಐನ್‌ನಲ್ಲಿ ತೀರಿಕೊಂಡ ಹಿರಿಯರೊಬ್ಬರ ಮಗ ದುಬೈಯಲ್ಲಿದ್ದ. ತನ್ನ ಹತ್ತಿರದ ಕಚೇರಿ ಎಂದು ಕಾಗದ ಹಿಡಿದು ದುಬೈ ಕಾನ್ಸುಲೇಟ್‌ಗೇ ಹೊರಟಿದ್ದವನನ್ನು ದಾರಿಯಲ್ಲೇ ತಿರುಗಿಸಿ ಕಳಿಸಿದೆ.

ರಜಾದಿನ ಎಂದು ಸುಮ್ಮನೆ ಕೂರಬೇಡಿ, ಸಾವಿನ ಕೆಲಸಕ್ಕೆ ಕಾನ್ಸುಲೇಟ್‌ನವರು ರಜೆಯಲ್ಲೂ ಸಿಗುತ್ತಾರೆ. ಊರಲ್ಲಿರುವವರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. 2015ರಿಂದ ಅದು ಇದೆ.

ಒಂದು ತಿಂಗಳಾದ ಮೇಲೆ ತಮ್ಮ ಮತ್ತೆ ಫೋನ್ ಮಾಡಿದ. ಬ್ಯಾಂಕಿನಲ್ಲಿ ಮರಣ ಪ್ರಮಾಣಪತ್ರ ಕೇಳುತ್ತಾರೆ, ಪಂಚಾಯ್ತಿಯವರು ಸಾವು ಇಲ್ಲಿ ಆದದ್ದಲ್ಲ, ಕೊಡಲಿಕ್ಕೆ ಬರುವುದಿಲ್ಲ ಅನ್ನುತ್ತಾರೆ ಎಂದ. ಅವರು ಹೇಳಿದ್ದು ಸರಿಯೇ. ದೇಹದ ಜೊತೆ ಕಳಿಸಿದ ಕವರ್ ತೆಗೆಸಿ, ಕಾನ್ಸುಲೇಟ್ ಕೊಟ್ಟ ನೋಂದಣಿ ಪತ್ರ ಯಾವುದು ಎಂದು ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅದೇ ಕವರಿನಲ್ಲಿ ರದ್ದಾದ ಪಾಸ್‌ಪೋರ್ಟೂ ಇತ್ತು. ಅದನ್ನು ಅಮ್ಮ ಕೈಗೆ ತೆಗೆದುಕೊಂಡರು. "ಇದನ್ನೂ ಬ್ಯಾಂಕಿಗೆ ಕೊಡ್ಬೇಕಾ ಮಗಾ?" ಎಂದು ಕೇಳಿದರು. "ಬೇಡ ಅಮ್ಮ, ಅದು ನಿಮ್ಮ ಹತ್ರವೇ ಇರ್ಲಿ" ಎಂದೆ.