ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್? ಹಾಕುವುದು ಹೇಗೆ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಏಳನೇ ಪೀಳಿಗೆಯ ಅಥವಾ ಅದಕ್ಕೂ ಹಿಂದಿನ ಪ್ರೊಸೆಸರ್ ಇರುವ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಪರದೆ, ಕೀಲಿಮಣೆ ಸರಿಯಿದ್ದರೆ ಅಂಥ ಯಂತ್ರವನ್ನು ಗುಜರಿಗೆ ಕೊಡಬೇಡಿ. ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತದೆ.

ಮೊದಲು ನಿಮ್ಮ ಕೆಲಸಗಳ ಪಟ್ಟಿ

ಡಿಸ್ಟ್ರೊ (ಲಿನಕ್ಸ್‌ನ ನಾನಾ ರೂಪಗಳಲ್ಲಿ ಒಂದು) ಹುಡುಕುವ ಮುನ್ನ ಆ ಲ್ಯಾಪ್‌ಟಾಪ್‌ನಲ್ಲಿ ಏನೇನು ಕೆಲಸ ನಡೆಯುತ್ತದೆ ಎಂದು ಬರೆದುಕೊಳ್ಳಿ. ಬ್ರೌಸರ್, ಪತ್ರ, ಲೆಕ್ಕದ ಹಾಳೆ, ವಿಡಿಯೊ ಇಷ್ಟೇ ಆದರೆ ಚಿಂತೆಯಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್ ಇಟ್ಟುಕೊಳ್ಳುವುದೇ ಒಳ್ಳೆಯದು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಕಡತಗಳು ಲಿನಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಡಿ.

ಪ್ರಿಂಟರ್ ಮರೆಯಬೇಡಿ. ಅಂಗಡಿ, ಕಚೇರಿಗಳಲ್ಲಿ ಹೆಚ್ಚು ಕಾಣುವ ಎಚ್‌ಪಿ ಲೇಸರ್‌ಜೆಟ್ 1020 ಕೆಲಸ ಮಾಡುತ್ತದೆ, ಆದರೆ ಎಚ್‌ಪಿಯ ಪ್ಲಗಿನ್ (ಪೂರಕ ತಂತ್ರಾಂಶ) ಪ್ರತ್ಯೇಕವಾಗಿ ಹಾಕಬೇಕು. ಇಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಹಾಳೆ ಮಾತ್ರ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ನಿಜಕ್ಕೂ ಕಾಡುತ್ತದೆ. ಅದು ಕ್ಯಾನನ್‌ನದೇ ಆದ ಭಾಷೆಯಲ್ಲಿ ಮಾತಾಡುವುದರಿಂದ ಸಾಮಾನ್ಯ ಡ್ರೈವರ್ ನಡೆಯದು.

ಯಾವ ಡಿಸ್ಟ್ರೊ?

ಮೊದಲ ಬಾರಿಗೆ ಹಾಕುವವರಿಗೆ ನಮ್ಮ ಆಯ್ಕೆ ಲಿನಕ್ಸ್ ಮಿಂಟ್. 22ನೇ ಸರಣಿ ಉಬುಂಟು ಎಂಬ ಇನ್ನೊಂದು ಡಿಸ್ಟ್ರೊದ 24.04 ಆವೃತ್ತಿಯ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ. 2 ಜಿಬಿಗೆ ಲುಬುಂಟು ಹಾಕಬಹುದು, ಆದರೆ ನಾಲ್ಕೈದು ಟ್ಯಾಬ್ ತೆರೆದರೆ ಬ್ರೌಸರೇ ರ‍್ಯಾಮ್ ನುಂಗಿಬಿಡುತ್ತದೆ. ಉಬುಂಟು ಬೇಕೆಂದರೆ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಯನ್ನೇ ಹಾಕಿ, ನಡುವಿನವಕ್ಕೆ ಒಂಬತ್ತು ತಿಂಗಳಷ್ಟೇ ಬೆಂಬಲ. ಫೆಡೊರಾ ಆವೃತ್ತಿಯ ಆಯುಸ್ಸು ಸುಮಾರು 13 ತಿಂಗಳು. ಆರ್ಚ್ ಕಲಿಯಲು ಚೆಂದ, ಮನೆಮಂದಿಯೆಲ್ಲ ಬಳಸುವ ಲ್ಯಾಪ್‌ಟಾಪ್‌ಗೆ ಬೇಡ. ಇನ್ನೊಂದು ಮಾತು: ಯಂತ್ರದಲ್ಲಿ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಅದರಿಂದ ಬರುವ ವೇಗ ಯಾವ ಡಿಸ್ಟ್ರೊ ಬದಲಿಸಿದರೂ ಬಾರದು.

ಪೆನ್‌ಡ್ರೈವ್ ಸಿದ್ಧತೆ

ಫೋಟೊ, ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ವಿಂಡೋಸ್ ಉಳಿಸಿಕೊಳ್ಳುವುದಾದರೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಏನಾದರೂ ಬದಲಿಸಿದರೆ ವಿಂಡೋಸ್ ಅದನ್ನು ಕೇಳಬಹುದು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿ ಲಿನಕ್ಸ್‌ನಿಂದ ಅದರ ಡ್ರೈವ್‌ಗಳಿಗೆ ಬರೆಯಲು ಆಗುವುದಿಲ್ಲ.

ಮಿಂಟ್‌ನ ಐಎಸ್ಒ ಕಡತ (ಇನ್‌ಸ್ಟಾಲ್‌ಗಾಗಿ ಇಳಿಸಿಕೊಳ್ಳುವ ಇಡೀ ಕಟ್ಟು) ಸುಮಾರು 3 ಜಿಬಿ, 8 ಜಿಬಿ ಪೆನ್‌ಡ್ರೈವ್ ಸಾಕು. ಡೌನ್‌ಲೋಡ್ ಆದ ಮೇಲೆ 7-ಜಿಪ್‌ನಲ್ಲಿ ಅದರ ಎಸ್‌ಎಚ್‌ಎ-256 ಸಂಖ್ಯೆ (ಕಡತ ಪೂರ್ತಿ ಸರಿಯಿದೆಯೇ ನೋಡುವ ಗುರುತು) ತೆಗೆದು ಮಿಂಟ್ ತಾಣದಲ್ಲಿರುವುದರ ಜೊತೆ ಹೋಲಿಸಿ. ನೆಟ್ ಕಡಿದು ಅರೆಬರೆ ಇಳಿದ ಕಡತದಿಂದ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಐಎಸ್ಒವನ್ನು ಸುಮ್ಮನೆ ಕಾಪಿ ಮಾಡಿದರೆ ಪೆನ್‌ಡ್ರೈವ್ ಬೂಟ್ ಆಗದು, ರೂಫಸ್ ಅಥವಾ ಬಲೇನಾ ಎಚರ್‌ನಿಂದ ಬರೆಯಬೇಕು. ಆಗ ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಯುತ್ತದೆ.

ಯಂತ್ರ ಆನ್ ಮಾಡಿದೊಡನೆ ಕೀಲಿ ಒತ್ತಿ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ. ಆ ಕೀಲಿ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಏಸರ್‌ನಲ್ಲಿ ಎಫ್12 ಮೆನುವನ್ನು ಮೊದಲು ಬಯಾಸ್‌ನಲ್ಲಿ ಆನ್ ಮಾಡಬೇಕಾಗಬಹುದು.

ಹಾಕುವ ಮುನ್ನ ಪರೀಕ್ಷೆ

ಇದೇ ಎಲ್ಲಕ್ಕಿಂತ ಮುಖ್ಯ ಹಂತ, ಆತುರಪಡಬೇಡಿ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಲೈವ್ ಆಗಿ ನಡೆಯುತ್ತದೆ, ಡಿಸ್ಕ್‌ಗೆ ಏನೂ ಆಗುವುದಿಲ್ಲ. ವೈಫೈ, ಸ್ಪೀಕರ್, ಹೆಡ್‌ಫೋನ್, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ ಎಲ್ಲವನ್ನೂ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ನೋಡಿ. ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆಯಿರಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ನಿಧಾನವಾಗಿಯೇ ಇರುತ್ತದೆ, ವೇಗವನ್ನು ಅದರಿಂದ ಅಳೆಯಬೇಡಿ.

ವೈಫೈ ಕಾಣದಿದ್ದರೆ ಬಹುಶಃ ಬ್ರಾಡ್‌ಕಾಮ್ ಚಿಪ್ ಇರುತ್ತದೆ. ಫೋನನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿ.

ಇನ್‌ಸ್ಟಾಲ್

ಎರೇಸ್ ಡಿಸ್ಕ್ ಎಂಬ ಆಯ್ಕೆ ಸಿ ಡ್ರೈವ್ ಮಾತ್ರವಲ್ಲ, ಡಿ ಡ್ರೈವ್ ಸಹಿತ ಇಡೀ ಡಿಸ್ಕನ್ನು ಅಳಿಸುತ್ತದೆ. ವಿಂಡೋಸ್, ಲಿನಕ್ಸ್ ಎರಡೂ ಬೇಕೆನ್ನುವವರು ಮೊದಲೇ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕನಿಷ್ಠ 50 ಜಿಬಿ ಜಾಗ ಬಿಡಿಸಿಕೊಂಡು, ಜೊತೆಗೆ ಹಾಕುವ ಆಯ್ಕೆ ಒತ್ತಿ. ಹಾಡು, ವಿಡಿಯೊ ನಡೆಸಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್ ಚೌಕಕ್ಕೆ ಗುರುತು ಹಾಕಿ. ಸಮಯವಲಯ ಕೋಲ್ಕತ್ತ. ಎರಡೂ ಇರುವ ಯಂತ್ರದಲ್ಲಿ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ವಿಶ್ವ ಸಮಯದಲ್ಲಿ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯ ಇಡುವಂತೆ ಲಿನಕ್ಸ್‌ಗೆ ಹೇಳಿದರೆ ಸರಿಹೋಗುತ್ತದೆ.

ಮೊದಲ ದಿನ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದಿಡಿ. ಅಪ್‌ಡೇಟ್ ಕೈಕೊಟ್ಟರೆ ಹಿಂದಕ್ಕೆ ಹೋಗಬಹುದು. ಆದರೆ ಅದು ವ್ಯವಸ್ಥೆಯ ಕಡತಗಳಿಗೆ ಮಾತ್ರ, ನಿಮ್ಮ ಫೋಟೊಗಳ ಬ್ಯಾಕಪ್ ಬೇರೆಯೇ ಬೇಕು.

ಕನ್ನಡ ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಕೆಜಿಪಿ (ನುಡಿಯ ಕೀಲಿ ವಿನ್ಯಾಸ) ಸೇರಿಸಿದರೆ ನುಡಿ ಬಳಸಿ ರೂಢಿಯಿದ್ದವರ ಬೆರಳು ತಡವರಿಸುವುದಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸ ಕೂಡ ಅದೇ ಪಟ್ಟಿಯಲ್ಲಿದೆ.