ಶಿರಾಜ್‌ಗೆ ಕುಡಿ ಕಡಿಮೆ, ಚಾಟ್ನಿ ಬೇಗ: ನನ್ನ ಅನುಭವ

ಸತತ ಮೂರು ಹಂಗಾಮಿನಿಂದ ನನ್ನ ಶಿರಾಜ್, ಅಂದರೆ ವೈನ್ ಮಾಡುವ ಕಪ್ಪು ದ್ರಾಕ್ಷಿಯ ಮಾಲು ವೈನರಿಯಿಂದ ಒಂದು ಕ್ರೇಟೂ ವಾಪಸ್ ಬಂದಿಲ್ಲ. ಗಿಡಕ್ಕೆ ಕುಡಿ, ಅಂದರೆ ಹೊಸ ಚಿಗುರುಕಡ್ಡಿ ಕಡಿಮೆ ಬಿಟ್ಟು, ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಬೇಗ ಮಾಡಿದ್ದರ ಫಲ ಅದು. ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಮೊದಲ ವರ್ಷವೇ ಬರೆದಿದ್ದರೆ ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಭಾಗದ ಬೆಳೆಗಾರರು ನಗುತ್ತಿದ್ದರು. ಬರೆಯದಿದ್ದರೂ ನಕ್ಕರು ಅನ್ನಿ. "ಅಲ್ಲೋ ತಮ್ಮಾ, ಗಿಡಕ್ಕ ಹದಿನೆಂಟು ಕುಡಿ ಬಿಟ್ರ ಮಾಲು ಎಲ್ಲಿಂದ ಬರ್ತೈತಿ? ಅದೂ ಸಪ್ಟೆಂಬರ್‌ದಾಗ ಚಾಟ್ನಿ! ಡೌನಿನ್ನ ಕರದು ಊಟಕ್ಕ ಕುಂದ್ರಿಸಿದಂಗ" ಅಂತ ಪಕ್ಕದ ದ್ರಾಕ್ಷಿ ಪಡದ ಕಾಕಾ ಊರೆಲ್ಲ ಹೇಳಿಕೊಂಡು ಬಂದಿದ್ದರು. ಡೌನಿ ಅಂದರೆ ಮಳೆಗೆ ಬರುವ ಬೂಜುರೋಗ. ಹೋದ ವರ್ಷ ಅವರೇ ತಮ್ಮ ಅರ್ಧ ಎಕರೆಗೆ ನನ್ನ ಚಾಟ್ನಿ ಗ್ಯಾಂಗನ್ನು ಕೇಳಿ ಕರೆಸಿಕೊಂಡರು.

ನನ್ನದು ಎರಡೂವರೆ ಎಕರೆ ಶಿರಾಜ್, ಒಂದು ಎಕರೆಗಿಂತ ತುಸು ಕಡಿಮೆ ಕ್ಯಾಬರ್ನೆ, ಉಳಿದದ್ದು ಒಣದ್ರಾಕ್ಷಿಗೆ ಥಾಮ್ಸನ್. ವೈನ್ ತಳಿ ಎರಡೂ ಡಾಗ್‌ರಿಡ್ಜ್ ಎಂಬ ಬೇರುತಳಿಯ ಮೇಲೆ ಕಸಿ ಮಾಡಿದವು. 8×4 ಅಡಿ, ಎಕರೆಗೆ 1,350ರ ಆಸುಪಾಸು ಗಿಡ, ಉತ್ತರ-ದಕ್ಷಿಣ ಸಾಲು, ಕುಡಿಗಳನ್ನು ತಂತಿಯ ನಡುವೆ ನೆಟ್ಟಗೆ ಮೇಲಕ್ಕೆ ಕಟ್ಟುವ ಪದ್ಧತಿ.

ಶುರುವಿನ ವರ್ಷಗಳಲ್ಲಿ ಶಿರಾಜನ್ನೂ ಥಾಮ್ಸನ್ ಕಣ್ಣಿನಿಂದಲೇ ನೋಡುತ್ತಿದ್ದೆವು. ಅಕ್ಟೋಬರ್ ಕೊನೆಗೆ ಚಾಟ್ನಿ, ಗಿಡಕ್ಕೆ ಮೂವತ್ತು-ಮೂವತ್ತೈದು ಕುಡಿ, ಎಕರೆಗೆ ಹತ್ತಿರಹತ್ತಿರ 8 ಟನ್. ತೂಕ ನೋಡಿ ಖುಷಿ ಪಟ್ಟಿದ್ದೆವು. ಕೊಯ್ಲು ಬಂದದ್ದು ಮಾರ್ಚ್‌ನಲ್ಲಿ, ಬಿಸಿಲು 36-37 ಡಿಗ್ರಿ. ಬ್ರಿಕ್ಸ್, ಅಂದರೆ ರಸದ ಸಕ್ಕರೆ, 20ಕ್ಕೆ ನಿಂತುಬಿಡ್ತು, ಪಿಎಚ್ ಮಾತ್ರ 3.9 ದಾಟಿತ್ತು (ಅದು ಏರಿದಷ್ಟೂ ಹುಳಿ ಕಡಿಮೆ). ಅರ್ಧದಷ್ಟು ಮಾಲನ್ನು ವೈನರಿಯವರು ಗೇಟಿನಲ್ಲೇ ತಡೆದರು. ತಗೊಂಡದ್ದಕ್ಕೆ ಕಿಲೋಗೆ 36 ರೂಪಾಯಿಯಂತೆ ಕೊಟ್ಟರು. ಉಳಿದದ್ದನ್ನು ಜ್ಯೂಸಿನವರಿಗೆ 12 ರೂಪಾಯಿಗೆ ಹಾಕಿದೆ. ಎಲ್ಲ ಸೇರಿ ಎಕರೆಗೆ ಎರಡು ಲಕ್ಷ ಮುಟ್ಟಿರಬಹುದು. ಔಷಧಿ, ಆಳು, ಬಾಡಿಗೆ ಕಳೆದರೆ ಏನೂ ಉಳಿಯಲಿಲ್ಲ. ಮುಂದಿನ ವರ್ಷವೂ ಅದೇ ಕತೆ, ಜೊತೆಗೆ ಬೂದಿರೋಗ.

ಆ ವೈನರಿಯಲ್ಲಿ ವೈನ್ ಮಾಡುವವರು ಒಮ್ಮೆ ಪಡಕ್ಕೇ ಬಂದರು. ಸಾಲಿನ ಒಳಗೆ ಕೈ ಹಾಕಿ, ಎಲೆಗಳ ಮಧ್ಯದಿಂದ ಒಂದು ಗೊನೆ ಮುರಿದು ನನ್ನ ಅಂಗೈಯಲ್ಲಿಟ್ಟರು. ಹೊರಮುಖ ಕಪ್ಪು, ಒಳಮುಖ ಇಟ್ಟಿಗೆ ಬಣ್ಣ, ತೊಟ್ಟು ಇನ್ನೂ ಹಸಿರು. ಬೀಜ ಅಗಿದು ನೋಡಿದರೆ ಬರೀ ಒಗರು. ನೆರಳಿನಲ್ಲಿ ಕುಳಿತ ಎಲೆ ಸಕ್ಕರೆ ಮಾಡುವುದಿಲ್ಲ, ತನ್ನಲ್ಲಿರುವ ಪೊಟ್ಯಾಶನ್ನು ಹಣ್ಣಿಗೆ ತಳ್ಳುತ್ತದೆ, ಪಿಎಚ್ ಏರುವುದು ಹಾಗೆ ಎಂದರು. ಇದಕ್ಕಿಂತ ಹೆಚ್ಚಿನ ಶಾಸ್ತ್ರ ನನಗೆ ಬೇಕಾಗಲಿಲ್ಲ.

ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು. ನಮ್ಮವರು ಹೆಚ್ಚಾಗಿ ಅಕ್ಟೋಬರ್ ಚಾಟ್ನಿ ಬಗ್ಗೆಯೇ ಮಾತಾಡುತ್ತಾರೆ. ಆದರೆ ಗೊನೆ ಹುಟ್ಟುವುದು ಏಪ್ರಿಲ್ ಚಾಟ್ನಿಯ ನಂತರ, ಕುಡಿಗೆ 40ರಿಂದ 60 ದಿನ ಆಗುವ ಹೊತ್ತಿಗೆ, ಕಣ್ಣಿನೊಳಗೆ, ಅಂದರೆ ಎಲೆಬುಡದ ಮೊಗ್ಗಿನೊಳಗೆ. ಆ ದಿನಗಳಲ್ಲಿ ಬುಡದ ಕಣ್ಣಿಗೆ ಬಿಸಿಲು ಬೀಳದಿದ್ದರೆ ಆಮೇಲೆ ಏನು ಹೊಡೆದರೂ ಗೊನೆ ಬರುವುದಿಲ್ಲ. ಹೀಗಾಗಿ ಮೊದಲು ಬದಲಾಯಿಸಿದ್ದು ಮೇ ತಿಂಗಳ ಕೆಲಸ. ಕುಡಿಗೆ ನಾಲ್ಕೈದು ಎಲೆ ಬಂದ ಕೂಡಲೇ ಗಿಡದ ತೋಳಿನ, ಅಂದರೆ ತಂತಿಗುಂಟ ಹಬ್ಬಿಸಿದ ಕೊಂಬೆಯ ಮೇಲೆ ಒಂದು ಗೇಣಿಗೆ ಮೂರ್ನಾಲ್ಕು ಕುಡಿ ಮಾತ್ರ ಉಳಿಸಿ ಉಳಿದದ್ದನ್ನು ಕೈಯಿಂದಲೇ ಮುರಿದೆವು, ಒಂದು ಮೀಟರಿಗೆ ಹದಿನೈದರ ಲೆಕ್ಕ. ಕತ್ತರಿ ಬೇಡ. ಕುಡಿ ಎಳೆಯದಾಗಿದ್ದಾಗ ಹೆಬ್ಬೆರಳಿಗೆ ಬುಡಸಹಿತ ಕಿತ್ತು ಬರುತ್ತದೆ, ಮತ್ತೆ ಅಲ್ಲಿಂದ ಚಿಗುರುವುದೂ ಕಡಿಮೆ. ಹಸಿರು ಕುಡಿ ನೆಲಕ್ಕೆ ಬಿದ್ದದ್ದು ನೋಡಿ ನಮ್ಮ ಆಳುಗಳೇ ಹಳಹಳಿಸಿದರು.

ಆಗಸ್ಟ್ ಕೊನೆಗೆ ಕಣ್ಣು ಪರೀಕ್ಷೆ. ಲ್ಯಾಬಿಗೆ ಕಳಿಸುವವರು ಕಳಿಸಲಿ, ನಾನು ಮನೆಯಲ್ಲೇ ಮಾಡುತ್ತೇನೆ. ಹಳೆಯ ಶೇವಿಂಗ್ ಬ್ಲೇಡಿನಿಂದ ಕಣ್ಣನ್ನು ಪದರ ಪದರವಾಗಿ ಸೀಳಿ, ವಾಚ್ ರಿಪೇರಿಯವರ ಭೂತಗನ್ನಡಿ ಹಿಡಿದರೆ ಸಾಕು. ಗೊನೆ ಇದ್ದರೆ ನಡುವೆ ಸಣ್ಣ ಬಿಳಿ ಉಬ್ಬು, ಅಂಚು ಗಂಟುಗಂಟಾಗಿ ಕಾಣುತ್ತದೆ. ಇಲ್ಲದಿದ್ದರೆ ಬರೀ ಎಲೆಯ ಮಡಿಕೆ. ಕುಡಿ ವಿರಳ ಮಾಡಿದ ಸಾಲುಗಳಲ್ಲಿ ಬುಡದಿಂದ ಎರಡನೇ-ಮೂರನೇ ಕಣ್ಣಿನಲ್ಲೇ ಗೊನೆ ಸಿಕ್ಕಿತು. ದಟ್ಟ ಸಾಲಿನಲ್ಲಿ ಐದನೇ ಕಣ್ಣಿಗೆ ಹೋಗಬೇಕಾಯಿತು. ಅಷ್ಟು ಉದ್ದ ಬಿಟ್ಟು ಕತ್ತರಿಸಿದರೆ ತುದಿಯ ಕಣ್ಣು ಮಾತ್ರ ಒಡೆದು ಬುಡ ಬೋಳಾಗುತ್ತದೆ, ಇದು ಎಲ್ಲರಿಗೂ ಗೊತ್ತಿರುವುದೇ.

ಈಗ ಸಪ್ಟೆಂಬರ್ ವಿಷಯ. ಶಿರಾಜ್‌ಗೆ ಚಾಟ್ನಿಯಿಂದ ಕೊಯ್ಲಿಗೆ ಸುಮಾರು 130-140 ದಿನ. ಸಪ್ಟೆಂಬರ್ 20ರ ಆಚೀಚೆ ಕತ್ತರಿ ಆಡಿಸಿದರೆ ಡಿಸೆಂಬರ್ ಕೊನೆಗೆ ಬಣ್ಣ ತಿರುಗಿ, ಜನವರಿಯ ಚಳಿಯಲ್ಲಿ ಹಣ್ಣಾಗುತ್ತದೆ. ರಾತ್ರಿ ತಂಪಿದ್ದರೆ ಹುಳಿ ಉಳಿಯುತ್ತದೆ, ಬಣ್ಣ ಕೂಡುತ್ತದೆ. ಲೆಕ್ಕ ಸರಳ. ಮಳೆಯೇ ತೊಡಕು, ನಮ್ಮಲ್ಲಿ ಸಪ್ಟೆಂಬರ್ ಮಳೆಯೇ ಜೋರು. ಮೊದಲ ಸಲ ಬರೀ ಮುಕ್ಕಾಲು ಎಕರೆಗೆ ಮಾಡಿದೆ. ಅಕ್ಟೋಬರ್ ಮೊದಲ ವಾರ ಬಿಡದೆ ಮಳೆ ಹಿಡಿದು, ಡೌನಿ ಎಳೆಗೊನೆಗೇ ಕೂತಿತು. ಮೂರರಲ್ಲಿ ಒಂದು ಪಾಲು ಹೋಯಿತು. ಕಾಕಾ ಬಂದು ನೋಡಿ, ಏನೂ ಅನ್ನದೆ ತಲೆ ಅಲ್ಲಾಡಿಸಿ ಹೋದರು. ಅಂದರೆ ಎಲ್ಲ ಅಂದಂತೆಯೇ.

ಆದರೆ ಆ ಮುಕ್ಕಾಲು ಎಕರೆಯಲ್ಲಿ ಒಂದು ಸಂಗತಿ ಕಂಡಿತು. ಸಪ್ಟೆಂಬರ್ ಚಾಟ್ನಿಯ ನಂತರ ಬಂದ ಕುಡಿಯನ್ನೂ ಮೇ ತಿಂಗಳ ಹಾಗೆ ಮುರಿಯಬೇಕಿತ್ತು, ಆಳು ಸಾಕಾಗದೆ ಅರ್ಧ ಸಾಲುಗಳಲ್ಲಿ ಅದು ವಾರ ತಡವಾಗಿತ್ತು. ಡೌನಿ ಹೆಚ್ಚಾಗಿದ್ದು ಅಲ್ಲೇ. ಮೊದಲು ಮುರಿದ ಸಾಲುಗಳಲ್ಲಿ ಬೆಳಗಿನ ಎಂಟೂವರೆಗೆ ಎಲೆ ಒಣಗಿರುತ್ತಿದ್ದವು, ತಡವಾದ ಸಾಲುಗಳಲ್ಲಿ ಹತ್ತರವರೆಗೂ ಹಸಿ. ಮುಂದಿನ ವರ್ಷ ಮೂರನೇ ಎಲೆಗೇ ಗ್ಯಾಂಗ್ ಇಳಿಸಿದೆ. ಗಿಡಕ್ಕೆ ಹದಿನೆಂಟು ಕುಡಿ, ಮುಗಿಯಿತು. ಸಿಂಪರಣೆ ಇಪ್ಪತ್ತೆರಡರಿಂದ ಹದಿನಾರಕ್ಕೆ ಇಳಿಯಿತು, ಯಾಕೆಂದರೆ ಹೊಡೆದ ಔಷಧಿ ಒಳಗೆ ಮುಟ್ಟುತ್ತಿದೆ.

ಸಪ್ಟೆಂಬರ್‌ನಲ್ಲಿ ಗಿಡ ಇನ್ನೂ ಹಸಿರು ಸೊಕ್ಕಿನಲ್ಲಿರುತ್ತದೆ, ಕಣ್ಣು ಒಂದೇ ಸಮ ಒಡೆಯುವುದಿಲ್ಲ ಎಂಬ ತಕರಾರು ನಿಜ. ಎಥ್ರೆಲ್ ಹೊಡೆದು ಎಲೆ ಉದುರಿಸುವುದು, ಕತ್ತರಿಸಿದ ಮೇಲೆ ಕಣ್ಣು ಒಡೆಸಲು ಡಾರ್ಮೆಕ್ಸ್ ಹಚ್ಚುವುದು ಎಲ್ಲರೂ ಮಾಡುವುದೇ. ಅದಕ್ಕೂ ಮುಂಚೆ ನೀರು ಯಾವಾಗ ನಿಲ್ಲಿಸಿ ಯಾವಾಗ ಬಿಡುತ್ತೇನೆ, ಡಾರ್ಮೆಕ್ಸ್ ಜೊತೆ ಏನು ಕಲಸುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ. ಎರಡು ವರ್ಷದ ದುಡ್ಡು ಅದಕ್ಕೇ ಹೋಗಿದೆ.

ಗೊನೆಯ ಹತ್ತಿರದ ಎಲೆ ತೆಗೆಯುವುದು ಪೂರ್ವದ ಕಡೆ ಮಾತ್ರ. ಕಾಳು ಮೆಣಸಿನ ಗಾತ್ರ ಇದ್ದಾಗಲೇ ತೆಗೆದರೆ ಸಿಪ್ಪೆ ಬಿಸಿಲಿಗೆ ಪಳಗುತ್ತದೆ. ಬಣ್ಣ ತಿರುಗಿದ ಮೇಲೆ ಒಮ್ಮೆಲೇ ಬೋಳಿಸಿದರೆ ಸುಡುತ್ತದೆ. ಪಶ್ಚಿಮದ ಕಡೆಯೂ ತೆಗೆದ ನಾಲ್ಕು ಸಾಲುಗಳಲ್ಲಿ ಹಣ್ಣು ಆ ಬದಿಗೆ ಕಂದಾಗಿ ಸುಕ್ಕುಗಟ್ಟಿತು. ಮಧ್ಯಾಹ್ನದ ಬಿಸಿಲಿಗೆ ಬಣ್ಣವೂ ಕೂಡುವುದಿಲ್ಲ, ಇದ್ದದ್ದೂ ಮಾಸುತ್ತದೆ. ಹೊರದೇಶದ ವಿಡಿಯೋ ನೋಡಿ ಎರಡೂ ಕಡೆ ತೆಗೆಯುವವರು ಇದನ್ನು ನೆನಪಿಡಿ, ಅವರ ಬಿಸಿಲು ಬೇರೆ. ತುದಿ ಚಿವುಟುವುದು ಹದಿನಾಲ್ಕು-ಹದಿನೈದು ಎಲೆ ಆದ ಮೇಲೆ, ಅದೂ ಒಮ್ಮೆ. ಪದೇ ಪದೇ ಚಿವುಟಿದರೆ ಬಗಲಲ್ಲಿ ಚಿಗುರೊಡೆದು ನೆರಳು ಮತ್ತೆ ಕೂಡುತ್ತದೆ.

ನಡುವೆ ಇನ್ನೂ ಕೆಲವು ಮಾಡಿ ನೋಡಿದೆ. ಪಶ್ಚಿಮಕ್ಕೆ ಬಿಳಿ ಶೇಡ್ ನೆಟ್ ಕಟ್ಟಿದೆ. ಕೆಲಸ ಮಾಡಿತು, ಆದರೆ ಗಾಳಿಗೆ ಹರಿದು ಮರುವರ್ಷಕ್ಕೆ ಉಳಿಯಲಿಲ್ಲ, ಖರ್ಚು ಹುಟ್ಟಲಿಲ್ಲ. ಹೂವಿಗೆ ಮುಂಚೆಯೇ ಬುಡದ ಆರೆಲೆ ಕಿತ್ತ ಸಾಲಿನಲ್ಲಿ ಗೊನೆ ಸಡಿಲಾಗಿ ಕೊಳೆ ಕಡಿಮೆಯಾಯಿತು, ತೂಕ ಮಾತ್ರ ಕಣ್ಣಿಗೆ ಹೊಡೆಯುವಷ್ಟು ಇಳಿಯಿತು, ಬಿಟ್ಟೆ. ಥಾಮ್ಸನ್ ಒಂದು ಸಾಲನ್ನು ಶಿರಾಜ್ ಹಾಗೆ ಎರಡು ಕಣ್ಣಿಗೆ ಕತ್ತರಿಸಿದ್ದೂ ಉಂಟು. ಬರೀ ಎಲೆ ಬಂತು. ಅದರ ಗೊನೆ ಇರುವುದೇ ಮೇಲಿನ ಕಣ್ಣುಗಳಲ್ಲಿ. ಗೊತ್ತಿದ್ದೂ ಮಾಡಿದ್ದು, ಚಟ.

ಕತ್ತರಿಸಿದ ಕಡ್ಡಿ ತೂಗುವ ರೂಢಿ ಮಾತ್ರ ಉಳಿದುಕೊಂಡಿದೆ. ಸಾಲಿಗೆ ಹತ್ತು ಗಿಡದ ಕಡ್ಡಿ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ಹಾಕುತ್ತೇನೆ. ಒಂದು ಕಿಲೋ ಕಡ್ಡಿಗೆ ಐದರಿಂದ ಏಳು ಕಿಲೋ ಹಣ್ಣು ಬಂದ ಕಡೆ ರಸ ಚೆನ್ನಾಗಿರುತ್ತದೆ. ಹತ್ತು ದಾಟಿದ ಸಾಲುಗಳಲ್ಲಿ ಬ್ರಿಕ್ಸ್ ಹಿಂದೆ ಬೀಳುತ್ತದೆ. ಮೂರಕ್ಕೆ ಇಳಿದರೆ ಗಿಡ ಬರೀ ಸೊಪ್ಪು ಮಾಡುತ್ತಿದೆ, ಗೊಬ್ಬರ ಕಡಿಮೆ ಮಾಡಬೇಕು.

ಕಳೆದ ಹಂಗಾಮಿನ ಲೆಕ್ಕ ನೆನಪಿದ್ದಂತೆ ಹೇಳುತ್ತೇನೆ. ಎಕರೆಗೆ ನಾಲ್ಕೂಮುಕ್ಕಾಲು ಟನ್, ಬ್ರಿಕ್ಸ್ 24ರ ಹತ್ತಿರ, ಪಿಎಚ್ 3.6. ದರ 58 ಸಿಕ್ಕಿತು, ಹತ್ತಿರ ಎರಡು ಲಕ್ಷ ಎಪ್ಪತ್ತೈದು ಸಾವಿರ. ಕುಡಿ ಮುರಿಯುವುದು, ಎಲೆ ತೆಗೆಯುವುದಕ್ಕೆ ಆಳಿನ ಖರ್ಚು ಎಕರೆಗೆ ಹದಿನೈದು ಸಾವಿರ ಜಾಸ್ತಿಯಾಯಿತು. ಔಷಧಿಯಲ್ಲಿ ಆರೇಳು ಸಾವಿರ ಉಳಿಯಿತು. ಟನ್ ಅಷ್ಟು ಇಳಿದರೂ ಕೈಗೆ ಬಂದದ್ದು ಹೆಚ್ಚು. ಹಳೆಯ ಪದ್ಧತಿಯಲ್ಲೇ ಬಿಟ್ಟಿದ್ದ ಎರಡು ಸಾಲಿನ ಹಣ್ಣನ್ನು ವೈನರಿಯವರು ಬೇರೆ ಡ್ರಮ್ಮಿನಲ್ಲಿ ಹಾಕಿ ತೋರಿಸಿದರು. ಅದರ ಬಣ್ಣ ಗ್ಲಾಸಿನ ಅಂಚಿನಲ್ಲಿ ನೀರಾಗಿತ್ತು, ಬಾಯಲ್ಲಿ ಚಪ್ಪೆ. ನನ್ನದು ಆಚೆ ಬದಿಯ ಬೆರಳು ಕಾಣದಷ್ಟು ಕಪ್ಪು, ಮೆಣಸಿನ ಘಾಟು.

ಕ್ಯಾಬರ್ನೆ ಇನ್ನೂ ಬಗೆಹರಿದಿಲ್ಲ. ನೆರಳಾದರೆ ಅದಕ್ಕೆ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಬರುತ್ತದೆ, ಅದು ಹೋಗಬೇಕೆಂದರೆ ಬಣ್ಣ ತಿರುಗುವ ಮೊದಲೇ ಗೊನೆಗೆ ಬೆಳಕು ಸಿಗಬೇಕು. ಆದರೆ ಹಣ್ಣಾಗುವುದು ಶಿರಾಜ್‌ಗಿಂತ ತಡ, ಎಷ್ಟೇ ಬೇಗ ಚಾಟ್ನಿ ಮಾಡಿದರೂ ಫೆಬ್ರವರಿ ಬಿಸಿಲು ತಗಲುತ್ತದೆ. ಈ ಸಲ ನಾಲ್ಕು ಸಾಲಿಗೆ ಸಪ್ಟೆಂಬರ್ ಮೊದಲ ವಾರವೇ ಕತ್ತರಿ ಹಾಕಿದ್ದೇನೆ, ಕುಡಿ ಹದಿನಾಲ್ಕಕ್ಕೆ ಇಳಿಸಿದ್ದೇನೆ. ಮಳೆ ಎರಡು ಸಲ ಹೊಡೆದು ಹೋಯಿತು, ಇವತ್ತಿನವರೆಗೆ ಡೌನಿ ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಗೊನೆಗೆ ಬಂದಿಲ್ಲ.