ಎರಡು ಸರ್ವರ್, ಒಂದೇ ಡಿಸ್ಕ್ ಪೆಟ್ಟಿಗೆ: ರೇಡ್ ಎಲ್ಲಿರಬೇಕು?

ಎರಡು ನೋಡ್‌ಗಳ ಕ್ಲಸ್ಟರ್‌ಗೆ (ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಸರ್ವರ್ ಜೋಡಿಗೆ) ಹಂಚಿಕೆಯ ಸ್ಟೋರೇಜ್ ಜೋಡಿಸುವಾಗ ಪ್ರತಿ ಹೆಜ್ಜೆಗೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಅಪ್ಲಿಕೇಶನ್‌ಗೆ "ಬರೆದಾಯಿತು" ಎಂಬ ಉತ್ತರ ಹೋಗಿದೆ, ಡಿಸ್ಕ್ ಮೇಲೆ ಇನ್ನೂ ಬಿದ್ದಿಲ್ಲ. ಆ ಡೇಟಾ ಈ ಕ್ಷಣ ಯಾರ ಹತ್ತಿರ ಇದೆ?

ರೇಡ್ ಎಂದರೆ ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವುದು. ಸರ್ವರ್ ಒಳಗಿನ ರೇಡ್ ಕಾರ್ಡ್‌ಗೆ ನಾನು ಕೊಡುವ ಕೆಲಸ ಆಪರೇಟಿಂಗ್ ಸಿಸ್ಟಮ್ ಇರುವ 2 ಎಸ್‌ಎಸ್‌ಡಿಗಳ ರೇಡ್ 1 (ಒಂದರ ಪ್ರತಿ ಇನ್ನೊಂದರಲ್ಲಿ) ಮಾತ್ರ. ಹಂಚಿಕೆಯ ಡಿಸ್ಕ್‌ಗಳನ್ನು ಅಂಥ ಕಾರ್ಡ್‌ಗೆ ಸಿಕ್ಕಿಸುವುದೇ ಇಲ್ಲ. ಎರಡೂ ಸರ್ವರ್‌ಗಳ ಮಾಮೂಲಿ ರೇಡ್ ಕಾರ್ಡ್‌ನಿಂದ ಒಂದೇ ಡಿಸ್ಕ್ ಪೆಟ್ಟಿಗೆಗೆ ಕೇಬಲ್ ಎಳೆದರೆ ಡಿಸ್ಕ್‌ಗಳು ಎರಡೂ ಕಡೆ ಕಾಣುತ್ತವೆ, ಕೆಲಸ ಆಯಿತು ಅನಿಸುತ್ತದೆ. ಆದರೆ ಮೊದಲ ಸರ್ವರ್ ಬಿದ್ದಾಗ ಅದರ ರೈಟ್-ಬ್ಯಾಕ್ ಕ್ಯಾಶ್‌ನಲ್ಲಿದ್ದ (ಡಿಸ್ಕ್‌ಗೆ ಹೋಗುವ ಮುನ್ನವೇ "ಬರೆದಾಯಿತು" ಎನ್ನುವ ತಾತ್ಕಾಲಿಕ ಮೆಮೊರಿಯಲ್ಲಿದ್ದ) ಬರಹ ಆ ಕಾರ್ಡ್‌ನ ಬ್ಯಾಟರಿಯ ಆಸರೆಯಲ್ಲೇ ಉಳಿಯುತ್ತದೆ. ಎರಡನೆಯದು ಹಳೆಯ ಬ್ಲಾಕ್‌ಗಳನ್ನು ನಂಬಿ ಮುಂದುವರಿಯುತ್ತದೆ. ಆಮೇಲೆ ಮೊದಲನೆಯದು ಎದ್ದು, ತನ್ನಲ್ಲಿದ್ದ ಹಳೆಯ ಕ್ಯಾಶನ್ನು ಹೊಸ ಡೇಟಾ ಮೇಲೆ ಸುರಿಯುತ್ತದೆ. ರೈಟ್-ಥ್ರೂ (ಡಿಸ್ಕ್‌ಗೆ ಬಿದ್ದ ಮೇಲಷ್ಟೇ ಉತ್ತರ) ಮಾಡಿದರೂ ಪೂರ್ತಿ ಪರಿಹಾರವಲ್ಲ: ಒಂದರ ರೀಡ್ ಕ್ಯಾಶ್ ಹಳಸಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ, ಎರಡೂ ಕಾರ್ಡ್‌ಗಳು ಒಂದೇ ಸ್ಟ್ರೈಪ್‌ನ (ಡಿಸ್ಕ್‌ಗಳಿಗೆ ಅಡ್ಡಲಾಗಿ ಹರಡಿದ ಡೇಟಾ ಸಾಲಿನ) ಪ್ಯಾರಿಟಿಗೆ (ಕಳೆದದ್ದನ್ನು ಮರಳಿ ಲೆಕ್ಕ ಹಾಕಲು ಇಡುವ ಹೆಚ್ಚುವರಿ ಡೇಟಾಗೆ) ಏಕಕಾಲಕ್ಕೆ ಕೈ ಹಾಕುವುದನ್ನು ತಡೆಯುವವರೂ ಇಲ್ಲ. ಹಾಗಾಗಿ ರೇಡ್ ಇರಬೇಕಾದ್ದು ಪೆಟ್ಟಿಗೆಯಲ್ಲೇ: ಎರಡು ಕಂಟ್ರೋಲರ್, ಒಂದರ ಕ್ಯಾಶ್ ಇನ್ನೊಂದರಲ್ಲಿ ಪ್ರತಿ. ಸರ್ವರ್ ಕಡೆ ಬರೀ ಸ್ಯಾಸ್ ಎಚ್‌ಬಿಎ (ರೇಡ್ ಮಾಡದೆ ಡಿಸ್ಕ್‌ಗೆ ಜೋಡಿಸುವ ಕಾರ್ಡ್) ಅಥವಾ ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ತಲುಪುವ ವಿಧಾನ) ಪೋರ್ಟ್ ಸಾಕು. ಇಲ್ಲಿ ಹೇಳುತ್ತಿರುವುದು ಐಸ್ಕಸಿ ಜೋಡಣೆ.

12 ಬೇಗಳ (ಡಿಸ್ಕ್ ಗೂಡುಗಳ) ಪೆಟ್ಟಿಗೆಯಲ್ಲಿ 8 ಟಿಬಿಯ 10 ಡಿಸ್ಕ್‌ಗಳನ್ನು ರೇಡ್ 6ಕ್ಕೆ (2 ಡಿಸ್ಕ್ ಸತ್ತರೂ ತಾಳುವ ಜೋಡಣೆಗೆ) ಹಾಕಿ, 1 ಡಿಸ್ಕನ್ನು ಗ್ಲೋಬಲ್ ಹಾಟ್ ಸ್ಪೇರ್ (ಒಂದು ಸತ್ತಾಗ ತಾನಾಗಿ ಜಾಗ ತುಂಬುವ ಬದಲಿ) ಮಾಡಿ, ಒಂದು ಬೇ ಖಾಲಿ ಬಿಡುತ್ತೇನೆ. ಡಿಸ್ಕ್ ಇನ್ನೂ ಸತ್ತಿಲ್ಲ, ಆದರೆ ಎಚ್ಚರಿಕೆ ಕೊಡುತ್ತಿದೆ ಎಂದಾಗ ಹೊಸದನ್ನು ಆ ಖಾಲಿ ಬೇಗೆ ಹಾಕಿ, ಹಳೆಯದರಿಂದ ನೇರ ನಕಲು ಮಾಡಿಸಬಹುದು. ರೇಡ್ ಒಂದು ಕ್ಷಣವೂ ಡಿಗ್ರೇಡ್ ಆಗುವುದಿಲ್ಲ, ಅಂದರೆ ಡಿಸ್ಕ್ ಕೊರತೆಯಲ್ಲಿ ನಡೆಯುವುದಿಲ್ಲ. ಬಳಕೆಗೆ ಸಿಗುವುದು 64 ಟಿಬಿ. ಒಂದೇ ಡಿಸ್ಕ್‌ನ ಸಾವು ತಾಳುವ ರೇಡ್ 5 ಮಾಡಿದ್ದರೆ ಒಂದು ಡಿಸ್ಕ್ ಹೋದಾಗ ಉಳಿದ 9ರಿಂದ 72 ಟಿಬಿ ತಪ್ಪಿಲ್ಲದೆ ಓದಿಸಬೇಕು. ಡೆಸ್ಕ್‌ಟಾಪ್ ಡಿಸ್ಕ್‌ಗಳ ಸ್ಪೆಕ್ ಶೀಟ್ ಹೇಳುವ ಮಿತಿ ಸುಮಾರು 12.5 ಟಿಬಿಗೆ ಒಂದು ಓದಲಾಗದ ಸೆಕ್ಟರ್. ಎಂಟರ್‌ಪ್ರೈಸ್ ಡಿಸ್ಕ್‌ಗಳದ್ದು ಸಾಮಾನ್ಯವಾಗಿ 125 ಟಿಬಿ. ಆ ಲೆಕ್ಕ ನೋಡಿದ ಮೇಲೆ ರೇಡ್ 5 ಆಸೆ ಬಿಡುವುದೇ ಒಳ್ಳೆಯದು. ಸೆಕೆಂಡಿಗೆ 100 ಎಂಬಿ ವೇಗದಲ್ಲೂ 8 ಟಿಬಿ ರೀಬಿಲ್ಡ್‌ಗೆ (ಸತ್ತ ಡಿಸ್ಕ್‌ನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟಲು) 22 ಗಂಟೆ ಬೇಕು, ಕೆಲಸದ ಹೊರೆ ಇದ್ದರೆ ಇನ್ನೂ ಹೆಚ್ಚು.

ಸ್ಟ್ರಿಪ್, ಅಂದರೆ ಒಂದು ಡಿಸ್ಕ್‌ಗೆ ಬೀಳುವ ತುಂಡು, 64 ಕೆಬಿ ಇಟ್ಟರೆ 8 ಡೇಟಾ ಡಿಸ್ಕ್‌ಗಳಿಗೆ ಪೂರ್ಣ ಸ್ಟ್ರೈಪ್ 512 ಕೆಬಿ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಮಾಡುವಾಗ ಎಸ್‌ಯು (ತುಂಡಿನ ಅಳತೆ) 64 ಕೆಬಿ, ಎಸ್‌ಡಬ್ಲ್ಯು (ಡೇಟಾ ಡಿಸ್ಕ್‌ಗಳ ಸಂಖ್ಯೆ) 8 ಎಂದು ಕೊಡುತ್ತೇನೆ. ಡೇಟಾಬೇಸ್‌ನಂಥ ಸಣ್ಣ ಚದುರಿದ ಬರಹಕ್ಕೆ ರೇಡ್ 6 ಬೇಡ: ಒಂದು ಸಣ್ಣ ಬರಹಕ್ಕೆ 3 ಓದು, 3 ಬರಹ ಬೀಳುತ್ತವೆ. ಪ್ರತಿಯ ಜೋಡಿಗಳಿಂದ ಕಟ್ಟಿದ ರೇಡ್ 10ರಲ್ಲಿ ಎರಡೇ ಬರಹ.

ಸರ್ವರ್ ಒಳಗಿನ ಕಾರ್ಡ್‌ನಲ್ಲಿ ರೈಟ್-ಬ್ಯಾಕ್ ಇಡುತ್ತೇನೆ, ಆದರೆ "ಯಾವಾಗಲೂ ರೈಟ್-ಬ್ಯಾಕ್" ಆಯ್ಕೆ ಮುಟ್ಟುವುದಿಲ್ಲ. ಬ್ಯಾಟರಿ ಕೆಟ್ಟರೆ ತಾನಾಗಿ ರೈಟ್-ಥ್ರೂಗೆ ಇಳಿಯಬೇಕು. ಸರ್ವರ್ ಇದ್ದಕ್ಕಿದ್ದಂತೆ ನಿಧಾನವಾದರೆ ಮೊದಲು ನೋಡುವುದು ಇದನ್ನೇ. ಡಿಸ್ಕ್‌ನ ಸ್ವಂತ ಕ್ಯಾಶ್ ಆಫ್; ಅದಕ್ಕೆ ಕಾರ್ಡ್‌ನ ಬ್ಯಾಟರಿಯ ರಕ್ಷಣೆ ಇಲ್ಲ. ಕಾರ್ಡ್ ಬದಲಿಸಿದಾಗ "ಫಾರಿನ್ ಕಾನ್ಫಿಗ್" (ಡಿಸ್ಕ್‌ಗಳ ಮೇಲೆ ಬೇರೆ ಕಾರ್ಡ್ ಬರೆದ ರೇಡ್ ವಿವರ ಇದೆ) ಎಂದು ಬಂದರೆ ಇಂಪೋರ್ಟ್ ಕೊಡಬೇಕು. ಕ್ಲಿಯರ್ ಒತ್ತಿದರೆ ಡಿಸ್ಕ್‌ಗಳ ಮೇಲಿನ ರೇಡ್ ವಿವರ ಹೋಗುತ್ತದೆ.

ಐಸ್ಕಸಿಗೆ ಎರಡು ಸ್ವಿಚ್, ಎರಡು ಪ್ರತ್ಯೇಕ ಸಬ್‌ನೆಟ್. ಪ್ರತಿ ಸರ್ವರ್‌ನ ಎರಡು ಪೋರ್ಟ್‌ಗಳು ಒಂದೊಂದು ಸಬ್‌ನೆಟ್‌ಗೆ, ಪ್ರತಿ ಕಂಟ್ರೋಲರ್‌ನ ಎರಡು ಪೋರ್ಟ್‌ಗಳೂ ಹಾಗೆಯೇ. ಪೋರ್ಟ್‌ಗಳನ್ನು ಒಂದಾಗಿಸುವ ಬಾಂಡಿಂಗ್ ಮಾಡುವುದಿಲ್ಲ, ಆ ಕೆಲಸ ಒಂದೇ ಡಿಸ್ಕ್‌ಗೆ ಹೋಗುವ ಹಲವು ದಾರಿಗಳನ್ನು ನಿಭಾಯಿಸುವ ಮಲ್ಟಿಪಾತ್‌ನದು. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಬೈಟ್ ಇಟ್ಟರೆ ದಾರಿಯುದ್ದಕ್ಕೂ ಇಡಬೇಕು. ಪರೀಕ್ಷೆಗೆ 8972 ಬೈಟ್‌ನ ಪಿಂಗ್, ತುಂಡು ಮಾಡಬಾರದೆಂಬ ಆಯ್ಕೆಯೊಂದಿಗೆ. ನಡುವೆ ಒಂದು ಸ್ವಿಚ್ ಪೋರ್ಟ್ 1500ರಲ್ಲೇ ಉಳಿದಿದ್ದರೆ ಲಾಗಿನ್ ಸರಾಗವಾಗಿ ಆಗುತ್ತದೆ, ದೊಡ್ಡ ಬರಹ ಬಂದೊಡನೆ ಸೆಷನ್ ತೂಗಾಡುತ್ತದೆ.

ಮಲ್ಟಿಪಾತ್ ಪಟ್ಟಿಯಲ್ಲಿ ಒಂದು ಎಲ್‌ಯುಎನ್‌ಗೆ (ಪೆಟ್ಟಿಗೆ ಸರ್ವರ್‌ಗೆ ತೋರಿಸುವ ಡಿಸ್ಕ್‌ಗೆ) 4 ಪಾತ್ ಕಾಣಬೇಕು: ಪ್ರಯಾರಿಟಿ 50 ಇರುವ ಗುಂಪಿನಲ್ಲಿ 2, 10 ಇರುವ ಗುಂಪಿನಲ್ಲಿ 2. ನಾಲ್ಕೂ ಒಂದೇ ಗುಂಪಿನಲ್ಲಿ ಬಿದ್ದಿದ್ದರೆ ಯಾವ ಕಂಟ್ರೋಲರ್ ಎಲ್‌ಯುಎನ್‌ನ ಒಡೆಯ ಎಂದು ತಿಳಿಸುವ ಅಲುವಾ ಕೆಲಸ ಮಾಡುತ್ತಿಲ್ಲ. ಅರ್ಧ ಓದು-ಬರಹ ಎಲ್‌ಯುಎನ್‌ನ ಒಡೆತನವಿಲ್ಲದ ಕಂಟ್ರೋಲರ್ ಮೂಲಕ ಸುತ್ತಿ ಹೋಗುತ್ತಿದೆ. ಐಸ್ಕಸಿಯ ರಿಪ್ಲೇಸ್‌ಮೆಂಟ್ ಟೈಮ್‌ಔಟ್ (ಕಡಿದ ಸೆಷನ್ ಮರಳಲೆಂದು ಕಾಯುವ ಅವಧಿ) ಡಿಫಾಲ್ಟ್ 120 ಸೆಕೆಂಡ್. ಅದನ್ನು 15ಕ್ಕೆ ಇಳಿಸದಿದ್ದರೆ ಒಂದು ಕೇಬಲ್ ಕಿತ್ತರೂ ಅಪ್ಲಿಕೇಶನ್ 2 ನಿಮಿಷದವರೆಗೆ ಸ್ತಬ್ಧವಾಗಬಹುದು. ಪಾತ್ ಒಂದೂ ಇಲ್ಲದಾಗ ಕಾಯುವ ಮಿತಿಯನ್ನು "ಕ್ಯೂ" ಎಂದು ಬಿಡಬೇಡಿ. 5 ಸೆಕೆಂಡಿನ ತಪಾಸಣೆ, 12 ಪ್ರಯತ್ನ, ಒಟ್ಟು ಒಂದು ನಿಮಿಷ. ಅನಂತ ಕ್ಯೂ ಇದ್ದರೆ ಅನ್‌ಮೌಂಟ್ ಕೂಡ ಸಿಕ್ಕಿಕೊಂಡು ಫೇಲ್‌ಓವರ್ ಅಲ್ಲೇ ನಿಲ್ಲುತ್ತದೆ. ಡಿಸ್ಕ್‌ಗಳನ್ನು ವಾಲ್ಯೂಮ್‌ಗಳಾಗಿ ಹಂಚುವ ಎಲ್‌ವಿಎಂನ ಫಿಲ್ಟರ್‌ನಲ್ಲಿ ಮಲ್ಟಿಪಾತ್ ಸಾಧನ ಮತ್ತು ಸ್ಥಳೀಯ ಡಿಸ್ಕ್‌ಗೆ ಮಾತ್ರ ಅವಕಾಶ ಕೊಡಿ.

ಎಕ್ಸ್‌ಎಫ್‌ಎಸ್, ಇಎಕ್ಸ್‌ಟಿ4 ಎರಡೂ ಒಂದು ಹೊತ್ತಿಗೆ ಒಂದೇ ನೋಡ್‌ನಲ್ಲಿ ಮೌಂಟ್ ಆಗಬೇಕಾದವು. ಇನ್ನೊಂದು ಕಡೆ "ಬರೀ ನೋಡಲು" ಮೌಂಟ್ ಮಾಡುವುದೂ ಅಪಾಯವೇ, ಜರ್ನಲ್ ರೀಪ್ಲೇ ಆಗಿಬಿಡಬಹುದು, ಅಂದರೆ ದಾಖಲಾದ ಬಾಕಿ ಬದಲಾವಣೆಗಳು ಡಿಸ್ಕ್‌ಗೆ ಬರೆದುಹೋಗಬಹುದು. ಎರಡೂ ಕಡೆ ಒಟ್ಟಿಗೆ ಬೇಕೆಂದರೆ ಅದಕ್ಕೆಂದೇ ಮಾಡಿದ ಫೈಲ್ ಸಿಸ್ಟಮ್ ಜಿಎಫ್‌ಎಸ್2, ನೋಡ್‌ಗೆ ಒಂದರಂತೆ ಜರ್ನಲ್. ಅಷ್ಟು ಅಗತ್ಯವಿಲ್ಲದಿದ್ದರೆ ಕ್ಲಸ್ಟರ್ ನಿಭಾಯಿಸುವ ಪೇಸ್‌ಮೇಕರ್ ಕೈಗೆ ಎಕ್ಸ್‌ಎಫ್‌ಎಸ್ ಕೊಟ್ಟು ಸುಮ್ಮನಿರಿ. ಬೂಟ್ ಆಗುವಾಗ ಮೌಂಟ್ ಮಾಡುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಮಾತ್ರ ಅದರ ಸಾಲು ಇರಕೂಡದು.

ಫೆನ್ಸಿಂಗ್ (ಕೆಟ್ಟ ನೋಡನ್ನು ಬಲವಂತವಾಗಿ ದೂರ ಇಡುವ ವ್ಯವಸ್ಥೆ) ಇಲ್ಲದ ಹಂಚಿಕೆಯ ಸ್ಟೋರೇಜನ್ನು ನಾನು ಚಾಲೂ ಮಾಡುವುದಿಲ್ಲ. ಪೇಸ್‌ಮೇಕರ್‌ನ ಫೆನ್ಸಿಂಗ್ ಆದ ಸ್ಟೋನಿತ್ ಆಫ್ ಮಾಡಿದರೆ ಎಚ್ಚರಿಕೆಯ ಸಂದೇಶ ಹೋಗುತ್ತದೆ, ಎರಡೂ ನೋಡ್ ಒಟ್ಟಿಗೆ ಬರೆಯುವ ಅಪಾಯ ಹೋಗುವುದಿಲ್ಲ. ಮೊದಲ ಹಂತ ಐಪಿಎಂಐ, ಅಂದರೆ ಸರ್ವರನ್ನು ದೂರದಿಂದಲೇ ಆಫ್ ಮಾಡುವ ದಾರಿ. ಆದರೆ ಸರ್ವರ್‌ನ ವಿದ್ಯುತ್ತೇ ಹೋದರೆ ಆ ಆಜ್ಞೆ ಕೇಳುವ ಚಿಪ್ ಆದ ಬಿಎಂಸಿಯೂ ಉತ್ತರಿಸುವುದಿಲ್ಲ, ಕ್ಲಸ್ಟರ್ ಕಾಯುತ್ತಾ ಕೂರುತ್ತದೆ. ಅದಕ್ಕೇ ಎರಡನೇ ಹಂತವಾಗಿ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್: ಉಳಿದ ನೋಡ್ ಕೇಳಿದಾಗ, ಬಿದ್ದ ನೋಡ್‌ನ ಕೀಯನ್ನು (ಬರೆಯುವ ಅನುಮತಿಯನ್ನು) ಪೆಟ್ಟಿಗೆ ತೆಗೆದುಹಾಕುತ್ತದೆ, ಆಮೇಲೆ ಅದರ ಬರಹ ಒಳಗೆ ಹೋಗುವುದಿಲ್ಲ. ಲಿನಕ್ಸ್‌ನ ಸಿಸ್ಟಮ್‌ಡಿ ಲಾಗಿನ್‌ಡಿಯಲ್ಲಿ ಪವರ್ ಬಟನ್ ನಿರ್ಲಕ್ಷಿಸುವಂತೆ ಮಾಡಿ. ಇಲ್ಲದಿದ್ದರೆ ಫೆನ್ಸ್ ಆದ ನೋಡ್ ತಕ್ಷಣ ಆಫ್ ಆಗದೆ ನಿಧಾನವಾಗಿ ಶಟ್‌ಡೌನ್ ಶುರುಮಾಡಬಹುದು. ನೋಡ್‌ಗಳ ನಡುವಿನ ಸಂಪರ್ಕ ಕಡಿದಾಗ ಇಬ್ಬರೂ ಏಕಕಾಲಕ್ಕೆ ಒಬ್ಬರನ್ನೊಬ್ಬರು ಆಫ್ ಮಾಡದಂತೆ ಒಂದು ನೋಡ್‌ನ ಫೆನ್ಸ್‌ಗೆ 10 ಸೆಕೆಂಡ್ ತಡ ಕೊಡುತ್ತೇನೆ.

ಪರೀಕ್ಷೆಗೆ ರೀಬೂಟ್ ಸಾಲದು, ಅದು ಸಭ್ಯವಾಗಿ ಎಲ್ಲವನ್ನೂ ಬರೆದು ಮುಗಿಸುತ್ತದೆ. ಕ್ಲಸ್ಟರ್‌ನ ಹೊರಗಿನ ಒಂದು ಯಂತ್ರದಿಂದ 1, 2, 3 ಎಂದು ಸಂಖ್ಯೆಗಳನ್ನು ಕಳಿಸಿ. ಸಕ್ರಿಯ ನೋಡ್ ಪ್ರತಿಯೊಂದನ್ನೂ ಹಂಚಿಕೆಯ ಡಿಸ್ಕ್‌ಗೆ ಬರೆದು, ಎಫ್‌ಸಿಂಕ್ (ಡಿಸ್ಕ್‌ಗೆ ಖಚಿತವಾಗಿ ಬರೆಯಿಸುವ ಕರೆ) ಮುಗಿದ ಮೇಲಷ್ಟೇ ಉತ್ತರ ಕೊಡಲಿ. ಆ ಉತ್ತರ ಹೊರಗಿನ ಯಂತ್ರದಲ್ಲಿ ದಾಖಲಾಗುತ್ತಿರಲಿ. ಮೊದಲ ಸುತ್ತಿನಲ್ಲಿ ಒಂದು ಕೇಬಲ್ ಕೀಳಿ, ಎರಡನೆಯದರಲ್ಲಿ ಒಂದು ಕಂಟ್ರೋಲರನ್ನೇ ಹೊರಗೆಳೆಯಿರಿ, ಮೂರನೆಯದರಲ್ಲಿ ಲಿನಕ್ಸ್‌ನ ತುರ್ತು ಆಜ್ಞೆಯಾದ ಸಿಸ್‌ಆರ್‌ಕ್ಯು ಮೂಲಕ ಕರ್ನಲ್ ಬೀಳಿಸಿ, ಕೊನೆಯಲ್ಲಿ ಸಕ್ರಿಯ ನೋಡ್‌ನ ಎರಡೂ ಪವರ್ ಕೇಬಲ್ ಕಿತ್ತುಬಿಡಿ. ಪ್ರತಿ ಸುತ್ತಿನ ನಂತರ ಫೈಲ್ ತೆರೆದು ನೋಡಿ. ಹೊರಗೆ ದಾಖಲಾದ ಕೊನೆಯ ಸಂಖ್ಯೆ 48,213 ಆಗಿದ್ದರೆ ಫೈಲ್‌ನಲ್ಲೂ 48,213 ಇರಲೇಬೇಕು. 48,214 ಇದ್ದರೆ ಅಡ್ಡಿಯಿಲ್ಲ, ಉತ್ತರ ತಲುಪುವ ಮುನ್ನ ನೋಡ್ ಬಿದ್ದಿದೆ ಅಷ್ಟೆ. 48,212ಕ್ಕೇ ನಿಂತಿದ್ದರೆ ಎಲ್ಲೋ ಒಂದು ಕ್ಯಾಶ್ ಸುಳ್ಳು ಹೇಳಿದೆ. ಅದು ಯಾವುದೆಂದು ಸಿಗುವವರೆಗೆ ಆ ಕ್ಲಸ್ಟರ್ ಮೇಲೆ ಯಾರ ಡೇಟಾವನ್ನೂ ಇಡಬೇಡಿ.